ಕಚ್ಚಾತೈಲ ಅರ್ಧಕ್ಕಿಳಿದರೂ ನಮ್ಮ ಡೀಸೆಲ್ ಏಕೆ ಇಳಿಯಲಿಲ್ಲ? ರಿಫೈನರಿ, ಎಥೆನಾಲ್ ಮತ್ತು ಮಂಡ್ಯದ ಕಬ್ಬು

ನಾಲೆಬಯಲು (ಮಂಡ್ಯ ತಾಲ್ಲೂಕು)

ವೇದಿಕೆಯ ಹಿರಿಯರಿಗೂ ಕಿರಿಯರಿಗೂ ನಮಸ್ಕಾರ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ನಾಲ್ಕು ಎಕರೆ ಕಬ್ಬು ಬೆಳೆಯುವವನು ನಾನು. ಉಳುಮೆಗೆ ಟ್ರ್ಯಾಕ್ಟರ್, ಕಟಾವಾದ ಮೇಲೆ ಕಾರ್ಖಾನೆಗೆ ಸಾಗಿಸಲು ಲಾರಿ, ಎರಡಕ್ಕೂ ಡೀಸೆಲ್ ಬೇಕಾದ್ದರಿಂದ ಬಂಕಿನ ಬೋರ್ಡನ್ನು ಪಂಚಾಂಗಕ್ಕಿಂತ ಹೆಚ್ಚಾಗಿ ನೋಡುತ್ತೇನೆ. 2022ರ ಮಾರ್ಚ್‌ನಲ್ಲಿ ಬ್ಯಾರೆಲ್ಲಿಗೆ 120 ಡಾಲರ್ ದಾಟಿದ್ದ, ಜಗತ್ತಿನ ಮಾರುಕಟ್ಟೆಗೆ ಅಳತೆಗೋಲಾದ ಬ್ರೆಂಟ್ ಕಚ್ಚಾತೈಲ 2025ರ ಮೇ ತಿಂಗಳಲ್ಲಿ 65 ಡಾಲರಿನ ಆಸುಪಾಸಿನಲ್ಲಿತ್ತು. ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಂತಾಯಿತು. ನಮ್ಮೂರ ಬಂಕಿನಲ್ಲಿ ಮಾತ್ರ ಆ ಇಳಿಕೆಯ ನೆರಳೂ ಬೀಳಲಿಲ್ಲ.

ಇನ್ನೊಂದು ಸಂದೇಹವೂ ಇದೆ. ನಮ್ಮ ಕಬ್ಬಿನ ಎಥೆನಾಲ್ ಈಗ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಸೇರುತ್ತಿದೆ. ಯುರೋಪಿನಲ್ಲಿ ರಿಫೈನರಿಗಳನ್ನು ಮುಚ್ಚುತ್ತಿದ್ದಾರೆಂದು ಪತ್ರಿಕೆಯಲ್ಲಿ ಓದುತ್ತೇವೆ. ಹಾಗಿದ್ದರೂ ನಮ್ಮ ದೇಶ ರಿಫೈನರಿಗಳನ್ನು ಇನ್ನೂ ಹಿಗ್ಗಿಸಲು ಹೊರಟಿದೆ. ರೈತ ಇಂಧನವನ್ನು ಬೆಳೆದು ಕೊಡುತ್ತಿರುವಾಗ ಈ ಹಿಗ್ಗಿಸುವಿಕೆ ಯಾರಿಗಾಗಿ? ತಿಳಿದವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಹೆದ್ದಾರಿ ಬಂಕ್ (ಮದ್ದೂರು)

ಮೊದಲ ಪ್ರಶ್ನೆಗೆ ನನ್ನ ಅನುಭವದಿಂದ ಉತ್ತರಿಸುತ್ತೇನೆ, ಏಕೆಂದರೆ ದಿನಕ್ಕೆ ಹತ್ತು ಜನರಾದರೂ ಇದನ್ನೇ ಕೇಳಿ ನನ್ನನ್ನೇ ಕಳ್ಳನಂತೆ ನೋಡುತ್ತಾರೆ. ಡೀಲರ್ ಕಮಿಷನ್ ಲೀಟರಿಗೆ ಕೆಲವೇ ರೂಪಾಯಿ. ಬೆಲೆಯನ್ನು ನಿಗದಿಪಡಿಸುವವನು ನಾನಲ್ಲ. ಪೆಟ್ರೋಲ್ ಬೆಲೆಯನ್ನು 2010ರ ಜೂನ್‌ನಲ್ಲಿ, ಡೀಸೆಲ್ ಬೆಲೆಯನ್ನು 2014ರ ಅಕ್ಟೋಬರ್‌ನಲ್ಲಿ ಸರ್ಕಾರದ ನಿಯಂತ್ರಣದಿಂದ ಬಿಡಲಾಯಿತು. 2017ರ ಜೂನ್‌ನಿಂದ ಪ್ರತಿದಿನ ಬೆಳಿಗ್ಗೆ ಆರಕ್ಕೆ ಹೊಸ ದರ ಎಂದಾಯಿತು. ಕಾಗದದ ಮೇಲೆ ಆ ಪದ್ಧತಿ ಇಂದಿಗೂ ಜಾರಿಯಲ್ಲಿದೆ, ಆದರೆ 2022ರ ಏಪ್ರಿಲ್ ನಂತರ ಕಂಪನಿಗಳು ದರವನ್ನು ಹೆಚ್ಚುಕಡಿಮೆ ನಿಲ್ಲಿಸಿಯೇ ಬಿಟ್ಟವು.

ನಿಲ್ಲಿಸಿದ್ದರ ಪರಿಣಾಮ ಎರಡೂ ಕಡೆಗೆ ಆಯಿತು. 2022ರ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಮೂರು ಸರ್ಕಾರಿ ತೈಲ ಕಂಪನಿಗಳು ಸೇರಿ 18,000 ಕೋಟಿ ರೂಪಾಯಿಗೂ ಹೆಚ್ಚು ನಷ್ಟ ತೋರಿಸಿದವು. ಅದೇ ಮೂರು ಕಂಪನಿಗಳು 2023–24ರಲ್ಲಿ ಸುಮಾರು 81,000 ಕೋಟಿ ರೂಪಾಯಿ ಲಾಭ ಮಾಡಿದವು. ಏರಿದಾಗ ತಾವು ಹೊತ್ತುಕೊಂಡದ್ದನ್ನು ಇಳಿದಾಗ ವಸೂಲು ಮಾಡಿಕೊಂಡೆವೆಂಬುದು ಅವರ ವಾದ. ಆ ವಸೂಲಿ ಎಲ್ಲಿಗೆ ನಿಂತಿತು ಎಂಬ ಲೆಕ್ಕವನ್ನು ಬಂಕಿನ ಬೋರ್ಡಿನ ಮೇಲೆ ಯಾರೂ ಬರೆಯುವುದಿಲ್ಲ. ಇನ್ನು ತೆರಿಗೆ. 2025ರ ಏಪ್ರಿಲ್‌ನಲ್ಲಿ ಕಚ್ಚಾತೈಲ ಇಳಿದ ಸಮಯ ನೋಡಿ ಕೇಂದ್ರವು ಲೀಟರಿಗೆ 2 ರೂಪಾಯಿ ಎಕ್ಸೈಸ್ ಏರಿಸಿತು. ಬಂಕಿನ ದರ ಏರಲಿಲ್ಲವಾದ್ದರಿಂದ ಬಹಳ ಜನರಿಗೆ ಅದು ಗೊತ್ತೇ ಆಗಲಿಲ್ಲ. ಅದೇ ತಿಂಗಳ ಮೊದಲ ದಿನ ನಮ್ಮ ರಾಜ್ಯವು ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.4ರಿಂದ ಶೇ 21.17ಕ್ಕೆ ಏರಿಸಿತು. ನೀವು ಕೇಳಿದ ಇಳಿಕೆ ಬಂತು ಸ್ವಾಮಿ, ದಾರಿಯಲ್ಲಿ ಇಳಿದುಹೋಯಿತು.

ಕುತ್ತೆತ್ತೂರು ನಿವೃತ್ತ (ಕುವೆಂಪುನಗರ, ಮೈಸೂರು)

ಬಂಕಿನವರು ತೆರಿಗೆಯ ಕಥೆಯನ್ನು ಸರಿಯಾಗಿ ಹೇಳಿದ್ದಾರೆ. ನಾನು ಮಂಗಳೂರಿನ ರಿಫೈನರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಅದರ ಒಳಗಿನಿಂದ ಒಂದು ಮಾತು ಸೇರಿಸುತ್ತೇನೆ.

ನಾವೆಲ್ಲ ಕಚ್ಚಾತೈಲದ ಬೆಲೆಯನ್ನೇ ನೋಡುತ್ತೇವೆ, ಆದರೆ ಯಾರೂ ಟ್ರ್ಯಾಕ್ಟರಿಗೆ ಕಚ್ಚಾತೈಲ ಹಾಕುವುದಿಲ್ಲ. ಡೀಸೆಲ್ಲಿಗೆ ಅದರದೇ ಮಾರುಕಟ್ಟೆ ಇದೆ. ಸಿಂಗಪುರದಲ್ಲಿ, ಅರಬ್ ಕೊಲ್ಲಿಯಲ್ಲಿ ಡೀಸೆಲ್ ಯಾವ ದರಕ್ಕೆ ಕೈಬದಲಾಗುತ್ತದೆಯೋ ಅದನ್ನೇ ಆಧಾರವಾಗಿಟ್ಟುಕೊಂಡು ನಮ್ಮ ರಿಫೈನರಿಯ ಬಾಗಿಲಿನ ದರ ನಿರ್ಧಾರವಾಗುತ್ತದೆ. ಕಚ್ಚಾತೈಲಕ್ಕೂ ಅದರಿಂದ ಬಂದ ಉತ್ಪನ್ನಕ್ಕೂ ಇರುವ ಬೆಲೆಯ ಅಂತರವನ್ನು ನಮ್ಮಲ್ಲಿ ಕ್ರ್ಯಾಕ್ ಎನ್ನುತ್ತಿದ್ದರು. 2022ರಲ್ಲಿ ರಷ್ಯಾ–ಉಕ್ರೇನ್ ಯುದ್ಧ ಶುರುವಾದ ಮೇಲೆ ಡೀಸೆಲ್ಲಿನ ಕ್ರ್ಯಾಕ್ ಹಿಂದೆಂದೂ ಕಾಣದ ಎತ್ತರಕ್ಕೆ ಹೋಯಿತು. ಜಗತ್ತಿನಲ್ಲಿ ಕಚ್ಚಾತೈಲಕ್ಕಿಂತ ಹೆಚ್ಚಾಗಿ ಅದನ್ನು ಡೀಸೆಲ್ ಮಾಡಿಕೊಡುವ ಸಾಮರ್ಥ್ಯಕ್ಕೆ ಕೊರತೆ ಬಿದ್ದ ಕಾಲ ಅದು. ಆ ಲಾಭಕ್ಕೆಂದೇ ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ರಫ್ತಿನ ಮೇಲೆ ವಿಶೇಷ ತೆರಿಗೆ ಹಾಕಿ, 2024ರ ಡಿಸೆಂಬರ್‌ನಲ್ಲಿ ತೆಗೆಯಿತು.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ನಾಲೆಬಯಲು ಅವರೇ, ನೀವು ಆಲೆಮನೆ ಕಂಡವರು, ಆದ್ದರಿಂದ ನಿಮಗೆ ಹೇಳುವುದು ಸುಲಭ. ಕಬ್ಬು ಅರೆದರೆ ಸಕ್ಕರೆಯೊಂದೇ ಬರುತ್ತದೆಯೇ? ರಚ್ಚು ಬರುತ್ತದೆ, ಮಡ್ಡಿ ಬರುತ್ತದೆ, ಕಾಕಂಬಿ ಬರುತ್ತದೆ. ನನಗೆ ಸಕ್ಕರೆ ಮಾತ್ರ ಸಾಕು, ರಚ್ಚು ಬೇಡ ಎಂದು ಯಾರೂ ಹೇಳಲಾಗದು. ಕಚ್ಚಾತೈಲವೂ ಹಾಗೆಯೇ. ಅದನ್ನು ಸುಮಾರು 360 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಗೋಪುರದಂಥ ಕಾಲಮ್ಮಿಗೆ ಬಿಟ್ಟಾಗ ತುದಿಯಲ್ಲಿ ಅಡುಗೆ ಅನಿಲ, ಅದರ ಕೆಳಗೆ ಪೆಟ್ರೋಲಿಗೆ ಮೂಲವಾದ ನಾಫ್ತಾ, ನಂತರ ಸೀಮೆಎಣ್ಣೆ ಮತ್ತು ವಿಮಾನದ ಇಂಧನ, ಅದರ ಕೆಳಗೆ ಡೀಸೆಲ್, ಬುಡದಲ್ಲಿ ಡಾಂಬರಿನಂಥ ಗಟ್ಟಿ ಶೇಷ ಬೇರೆಬೇರೆಯಾಗಿ ಇಳಿಯುತ್ತವೆ. ಇವೆಲ್ಲವೂ ಒಂದೇ ಬಾರಿಗೆ, ಒಂದೇ ಕೊಪ್ಪರಿಗೆಯಿಂದ ಬರುತ್ತವೆ. ಎಥೆನಾಲ್ ಸೇರಿಸಿದಾಗ ಕಡಿಮೆಯಾಗುವುದು ಪೆಟ್ರೋಲಿನ ಅಗತ್ಯ ಮಾತ್ರ. ನಿಮ್ಮ ಟ್ರ್ಯಾಕ್ಟರು, ಲಾರಿ, ಬಸ್ಸು ಕೇಳುವ ಡೀಸೆಲ್ ಎಂದಿನಂತೆಯೇ ಉಳಿಯುತ್ತದೆ, ಆ ಡೀಸೆಲ್ಲಿಗಾಗಿ ಕಚ್ಚಾತೈಲವನ್ನು ಕಾಯಿಸಲೇಬೇಕು, ಕಾಯಿಸಿದರೆ ಪೆಟ್ರೋಲಿನ ಭಾಗವೂ ಬಂದೇ ಬರುತ್ತದೆ. ಮಂಡ್ಯದ ಕಬ್ಬು ಬ್ಯಾರೆಲ್ಲಿನ ಮೇಲ್ಭಾಗದ ಭಾರವನ್ನು ಇಳಿಸುತ್ತಿದೆ. ದೇಶದ ನಿಜವಾದ ಹಸಿವು ಇರುವುದು ಅದರ ನಡುಭಾಗಕ್ಕೆ.

ನಾಲೆಬಯಲು

ಹಿರಿಯರೇ, ಹೋಲಿಕೆ ಮನಸ್ಸಿಗೆ ನಾಟಿತು. ಆದರೂ ಒಂದು ತಕರಾರು. ಆಲೆಮನೆಯಲ್ಲಿ ಹದ ಬದಲಿಸಿದರೆ ಅದೇ ಹಾಲಿನಿಂದ ಅಚ್ಚುಬೆಲ್ಲವನ್ನೂ ಮಾಡಬಹುದು, ಪುಡಿಬೆಲ್ಲವನ್ನೂ ಮಾಡಬಹುದು, ಜೋನಿಬೆಲ್ಲವನ್ನೂ ಮಾಡಬಹುದು. ರಿಫೈನರಿಯಲ್ಲಿ ಪೆಟ್ರೋಲ್ ಕಡಿಮೆ ಮಾಡಿ ಡೀಸೆಲ್ ಹೆಚ್ಚು ತೆಗೆಯುವ ಹದ ಇಲ್ಲವೇ?

ಕುತ್ತೆತ್ತೂರು ನಿವೃತ್ತ

ಇದೆ, ಆದರೆ ಹದ ಬದಲಿಸಲು ಸಾವಿರಾರು ಕೋಟಿ ರೂಪಾಯಿಯ ಯಂತ್ರ ಬೇಕು. ಬುಡದ ಭಾರವಾದ ತೈಲವನ್ನು ಒಡೆಯಲು ಎರಡು ದಾರಿಗಳು. ಹೈಡ್ರೊಕ್ರ್ಯಾಕರ್ ಎಂಬ ಘಟಕದಲ್ಲಿ ಹೈಡ್ರೊಜನ್ ಸೇರಿಸಿ, ಅತಿ ಹೆಚ್ಚಿನ ಒತ್ತಡದಲ್ಲಿ ಒಡೆದರೆ ಹೆಚ್ಚಾಗಿ ಡೀಸೆಲ್ ಬರುತ್ತದೆ. ಎಫ್‌ಸಿಸಿ ಎಂಬ ಇನ್ನೊಂದು ಘಟಕದಲ್ಲಿ ವೇಗವರ್ಧಕದ ಪುಡಿಯೊಡನೆ ಒಡೆದರೆ ಪೆಟ್ರೋಲ್, ಅಡುಗೆ ಅನಿಲ ಮತ್ತು ಪ್ಲಾಸ್ಟಿಕ್ಕಿಗೆ ಬೇಕಾದ ಪ್ರೊಪಿಲೀನ್ ಬರುತ್ತವೆ. ನಾನಿದ್ದ ಮಂಗಳೂರಿನ ರಿಫೈನರಿಯಾದ ಎಂಆರ್‌ಪಿಎಲ್‌ನಲ್ಲಿ ಎರಡೂ ಬಗೆಯ ಘಟಕಗಳಿವೆ. 1996ರಲ್ಲಿ ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯದಿಂದ ಆರಂಭವಾದ ರಿಫೈನರಿ ಇಂದು 1.5 ಕೋಟಿ ಟನ್ನಿನದಾಗಿದೆ. ನಡುವೆ 2003ರಲ್ಲಿ ಅದು ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿಯ ತೆಕ್ಕೆಗೆ ಬಂತು. ಅಲ್ಲಿಂದ ಹಾಸನದ ಮೂಲಕ ಬೆಂಗಳೂರಿನ ಹೊರವಲಯದವರೆಗೆ ಸುಮಾರು 360 ಕಿಲೋಮೀಟರ್ ಕೊಳವೆ ಮಾರ್ಗವಿದೆ. ಅರಬ್ಬಿ ಸಮುದ್ರದ ದಡದಲ್ಲಿ ಕಾಯಿಸಿದ ತೈಲ ಪಶ್ಚಿಮ ಘಟ್ಟವನ್ನು ನೆಲದೊಳಗೇ ಹತ್ತಿ ನಮ್ಮ ಕಡೆಗೆ ಬರುತ್ತದೆ ಎಂಬುದನ್ನು ನೆನೆದಾಗ ನನಗೆ ಈಗಲೂ ಸೋಜಿಗವಾಗುತ್ತದೆ.

ನೀವು ಇನ್ನೊಂದನ್ನೂ ಬಲ್ಲಿರಿ: ಚೌಳು ನೆಲದ ಕಬ್ಬಿನ ಬೆಲ್ಲ ಬೇರೆ, ಕೆಂಪು ಮಣ್ಣಿನ ಕಬ್ಬಿನ ಬೆಲ್ಲ ಬೇರೆ. ಕಚ್ಚಾತೈಲದಲ್ಲೂ ಗಂಧಕ ಕಡಿಮೆ ಇದ್ದರೆ ಸಿಹಿ, ಹೆಚ್ಚಿದ್ದರೆ ಹುಳಿ ಎನ್ನುತ್ತೇವೆ. ಹುಳಿಯದು ಅಗ್ಗ. ಅದರ ಗಂಧಕವನ್ನು ತೆಗೆಯುವ ಘಟಕಗಳಿದ್ದವರಿಗೆ ಮಾತ್ರ ಆ ಅಗ್ಗದ ಲಾಭ. 2020ರ ಏಪ್ರಿಲ್‌ನಲ್ಲಿ ಭಾರತ ವಾಹನಗಳ ಹೊಗೆಯ ಮಾನದಂಡದಲ್ಲಿ ಬಿಎಸ್ 4ರಿಂದ ನೇರವಾಗಿ ಬಿಎಸ್ 6ಕ್ಕೆ ಹಾರಿದಾಗ ಇಂಧನದಲ್ಲಿನ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಅದೇ ವರ್ಷದ ಜನವರಿಯಿಂದ ಹಡಗುಗಳ ಇಂಧನಕ್ಕೂ ಜಗತ್ತಿನಾದ್ಯಂತ ಮಿತಿ ಶೇ 3.5ರಿಂದ 0.5ಕ್ಕೆ ಇಳಿದಿತ್ತು. ಈ ಎರಡು ನಿಯಮಗಳಿಗೆ ಹೊಂದಿಕೊಳ್ಳುವಷ್ಟು ಬಂಡವಾಳ ಹಾಕಲಾಗದ ಹಳೆಯ, ಸಣ್ಣ ರಿಫೈನರಿಗಳು ಉಸಿರು ಕಟ್ಟುವುದು ಅಲ್ಲಿಂದಲೇ ಶುರುವಾಯಿತು.

ಗ್ಯಾರೇಜು ಮೇಸ್ತ್ರಿ (ಸರಸ್ವತಿಪುರಂ, ಮೈಸೂರು)

ದೊಡ್ಡವರು ದೊಡ್ಡ ಯಂತ್ರಗಳ ಮಾತಾಡುತ್ತಿರುವಾಗ ಸಣ್ಣ ಯಂತ್ರದವನ ಮಾತೂ ಇರಲಿ. ಶೇ 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲನ್ನು ಪ್ರಧಾನಮಂತ್ರಿಗಳು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಈಗ ಬೇರೆ ಆಯ್ಕೆಯೇ ಇಲ್ಲದಂತೆ ಎಲ್ಲೆಡೆ ಅದೇ ಸಿಗುತ್ತದೆ. ನನ್ನ ಗ್ಯಾರೇಜಿಗೆ ಬರುವ ಹತ್ತು ಹದಿನೈದು ವರ್ಷದ ಹಳೆಯ ಸ್ಕೂಟರುಗಳಲ್ಲಿ ಪೆಟ್ರೋಲ್ ಪೈಪು ಬೇಗ ಗಟ್ಟಿಯಾಗುವುದನ್ನೂ, ಕಾರ್ಬುರೇಟರಿನ ರಬ್ಬರು ಊದಿಕೊಳ್ಳುವುದನ್ನೂ ಕಾಣುತ್ತಿದ್ದೇನೆ. ಎಲ್ಲವೂ ಎಥೆನಾಲಿನಿಂದಲೇ ಎಂದು ಆಣೆ ಮಾಡಲಾರೆ, ವಯಸ್ಸಾದ ರಬ್ಬರು ಹೇಗಿದ್ದರೂ ಹೋಗುತ್ತದೆ. ಆದರೆ ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಮತ್ತು ತುಕ್ಕು ಮೊದಲಿಗಿಂತ ಹೆಚ್ಚಾಗಿ ಸಿಗುತ್ತಿದೆ ಎಂಬುದು ನನ್ನ ಕೈ ಕಂಡ ಸತ್ಯ.

ಮೈಲೇಜಿನ ವಿಷಯ. ನೀತಿ ಆಯೋಗದ 2021ರ ವರದಿಯೇ ಇದನ್ನು ಒಪ್ಪಿಕೊಂಡಿತ್ತು: ಇ10ಕ್ಕೆ, ಎಂದರೆ ಶೇ 10ರ ಮಿಶ್ರಣಕ್ಕೆ, ಹೊಂದಿಸಿದ ಹಳೆಯ ಕಾರುಗಳಲ್ಲಿ ಶೇ 6ರಿಂದ 7, ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4ರಷ್ಟು ಮೈಲೇಜು ಇಳಿಯಬಹುದು, ಇ20ಕ್ಕೆಂದೇ ಹೊಂದಿಸಿದ ಕಾರುಗಳಲ್ಲಿ ಇಳಿಕೆ ಶೇ 1ರಿಂದ 2 ಮಾತ್ರ. ಗಿರಾಕಿಗಳಿಗೆ ನಾನು ಹೇಳುವುದು ಇಷ್ಟೇ: ಗಾಡಿಯನ್ನು ಬಹಳ ದಿನ ನಿಲ್ಲಿಸುವುದಾದರೆ ಹಳೆಯ ಪೆಟ್ರೋಲನ್ನು ಟ್ಯಾಂಕಿನಲ್ಲಿ ಕೊಳೆಯಲು ಬಿಡಬೇಡಿ, ಪೈಪನ್ನು ಕಾಲಕಾಲಕ್ಕೆ ಬದಲಿಸಿ.

ಹೆದ್ದಾರಿ ಬಂಕ್

ಮೇಸ್ತ್ರಿಗಳು ನೀರಿನ ಮಾತೆತ್ತಿದ್ದಕ್ಕೆ ಒಂದು ವಿವರ. ಮೊದಲು ಟ್ಯಾಂಕಿನೊಳಗೆ ನೀರು ಸೇರಿದರೆ ಅದು ತಳದಲ್ಲಿ ಬೇರೆಯಾಗಿ ನಿಲ್ಲುತ್ತಿತ್ತು, ಡಿಪ್ ಕಡ್ಡಿಗೆ ಪೇಸ್ಟು ಬಳಿದು ನೋಡಿದರೆ ಬಣ್ಣ ಬದಲಾಗಿ ಗೊತ್ತಾಗುತ್ತಿತ್ತು, ಪೆಟ್ರೋಲಿಗೆ ಹಾನಿ ಇರಲಿಲ್ಲ. ಎಥೆನಾಲಿಗೆ ನೀರೆಂದರೆ ಸೆಳೆತ. ಒಂದು ಮಿತಿ ಮೀರಿ ನೀರು ಸೇರಿದರೆ ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳ ಸೇರುತ್ತದೆ, ಆಗ ಇಡೀ ಟ್ಯಾಂಕಿನ ಸರಕು ಕೆಡುತ್ತದೆ. ಒಂದು ಮಳೆಗಾಲದಲ್ಲಿ ನೆಲದೊಳಗಿನ ಟ್ಯಾಂಕಿನ ಮುಚ್ಚಳದ ವಾಷರ್ ಸಡಿಲವಾಗಿದ್ದು ನನಗೆ ಆದ ನಷ್ಟವನ್ನು ಇಲ್ಲಿ ಬರೆಯಲಾರೆ, ಮನೆಯವರು ಈ ವೇದಿಕೆಯನ್ನು ಓದುತ್ತಾರೆ. ನೀರಿನ ಈ ಗುಣದಿಂದಾಗಿಯೇ ಎಥೆನಾಲನ್ನು ಸಾಮಾನ್ಯವಾಗಿ ಉದ್ದನೆಯ ಕೊಳವೆ ಮಾರ್ಗದಲ್ಲಿ ಕಳುಹಿಸದೆ, ಟ್ಯಾಂಕರಿನಲ್ಲಿ ಡಿಪೋಗೆ ತಂದು ಅಲ್ಲಿ ಪೆಟ್ರೋಲಿಗೆ ಬೆರೆಸುತ್ತಾರೆ. ಆ ಟ್ಯಾಂಕರ್ ಓಡುವುದು ಡೀಸೆಲ್ಲಿನಲ್ಲಿ.

ಅರ್ಥಶಾಸ್ತ್ರದ ಮೇಡಂ (ಜಯಲಕ್ಷ್ಮೀಪುರಂ, ಮೈಸೂರು)

ಯುರೋಪು ಮುಚ್ಚುತ್ತಿದೆ, ಭಾರತ ಕಟ್ಟುತ್ತಿದೆ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಮುಚ್ಚಿದವರು ಇಂಧನ ಬಳಸುವುದನ್ನು ನಿಲ್ಲಿಸಿಲ್ಲ. ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್ ರಿಫೈನರಿ 1924ರಲ್ಲಿ ಆರಂಭವಾಗಿ, ನೂರು ವರ್ಷ ದಾಟಿ, 2025ರ ಏಪ್ರಿಲ್‌ನಲ್ಲಿ ಕಚ್ಚಾತೈಲ ಸಂಸ್ಕರಣೆಯನ್ನು ನಿಲ್ಲಿಸಿತು. ಈಗ ಅದೇ ಜಾಗ ಸಿದ್ಧ ಇಂಧನವನ್ನು ಆಮದು ಮಾಡಿಕೊಳ್ಳುವ ಟರ್ಮಿನಲ್ ಆಗಿದೆ. ಕೆಲಸಗಾರರು ಮನೆಗೆ ಹೋದರು, ಪೆಟ್ರೋಲ್ ಮಾತ್ರ ಹಡಗಿನಲ್ಲಿ ಬರುತ್ತಲೇ ಇದೆ. ಜರ್ಮನಿಯ ವೆಸೆಲಿಂಗ್‌ನಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ ಕೂಡ 2025ರಲ್ಲೇ ಕಚ್ಚಾತೈಲದ ಘಟಕಗಳು ನಿಂತವು. ಇನ್ನೊಂದು ಕಡೆ ನೈಜೀರಿಯಾದ ಲಾಗೋಸ್ ಬಳಿ ದಿನಕ್ಕೆ 6.5 ಲಕ್ಷ ಬ್ಯಾರೆಲ್ ಸಾಮರ್ಥ್ಯದ ಡಾಂಗೋಟೆ ರಿಫೈನರಿ 2024ರಲ್ಲಿ ಉತ್ಪಾದನೆ ಆರಂಭಿಸಿತು. ಕಚ್ಚಾತೈಲವನ್ನು ಮಾರಿ ಪೆಟ್ರೋಲನ್ನು ಯುರೋಪಿನಿಂದ ಕೊಳ್ಳುತ್ತಿದ್ದ ದೇಶ ಅದು. ನಾವು ಹತ್ತಿಯನ್ನು ಮ್ಯಾಂಚೆಸ್ಟರಿಗೆ ಕಳುಹಿಸಿ ಬಟ್ಟೆಯನ್ನು ಕೊಂಡ ಕಾಲವನ್ನು ಅದು ನೆನಪಿಸುತ್ತದೆ.

ಭಾರತದ ಸ್ಥಾನವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ವರ್ಷಕ್ಕೆ ಸುಮಾರು 25.8 ಕೋಟಿ ಟನ್ ಸಾಮರ್ಥ್ಯದೊಂದಿಗೆ ನಾವು ಅಮೆರಿಕ, ಚೀನಾ, ರಷ್ಯಾಗಳ ನಂತರ ಬರುತ್ತೇವೆ. ಜಗತ್ತಿನ ಅತಿ ದೊಡ್ಡ ರಿಫೈನರಿ ಸಂಕೀರ್ಣ ಗುಜರಾತಿನ ಜಾಮನಗರದಲ್ಲಿದೆ. ಆದರೆ ಕಚ್ಚಾತೈಲದ ಸುಮಾರು ಶೇ 88ರಷ್ಟು ಹೊರಗಿನದು. ಬೇರೆಯವರ ಹೊಲದ ಕಬ್ಬನ್ನು ಅರೆದು ಬೆಲ್ಲ ಮಾರುವ ಆಲೆಮನೆ ನಮ್ಮದು. ಆ ಕಬ್ಬು ಎಲ್ಲಿಂದ ಬರುತ್ತದೆ ಎಂಬುದೇ ಈಗ ರಾಜಕೀಯ. 2022ಕ್ಕೆ ಮೊದಲು ನಮ್ಮ ಆಮದಿನಲ್ಲಿ ರಷ್ಯಾದ ಪಾಲು ಶೇ 2ರಷ್ಟೂ ಇರಲಿಲ್ಲ. ಯುರೋಪ್ ಕೊಳ್ಳುವುದನ್ನು ಬಿಟ್ಟು ರಷ್ಯಾ ರಿಯಾಯಿತಿ ಕೊಡತೊಡಗಿದ ಮೇಲೆ ಅದು ಮೂರನೆಯ ಒಂದು ಭಾಗವನ್ನು ಮುಟ್ಟಿತು. ಆ ತೈಲದಿಂದ ಮಾಡಿದ ಡೀಸೆಲ್ ಯುರೋಪಿಗೇ ಹೋಗುತ್ತಿತ್ತು. ಈ ಸುತ್ತುದಾರಿಯನ್ನು ಮುಚ್ಚಲು ಯುರೋಪ್ ಒಕ್ಕೂಟವು 2025ರ ಜುಲೈನಲ್ಲಿ ಹೊಸ ನಿರ್ಬಂಧ ಘೋಷಿಸಿ, ರಷ್ಯಾದ ಕಚ್ಚಾತೈಲದಿಂದ ತಯಾರಾದ ಉತ್ಪನ್ನಗಳನ್ನು 2026ರ ಜನವರಿ 21ರಿಂದ ಕೊಳ್ಳುವುದಿಲ್ಲ ಎಂದಿತು. ಗುಜರಾತಿನ ವಾಡಿನಾರ್ ರಿಫೈನರಿಯನ್ನು ನೇರವಾಗಿಯೇ ನಿರ್ಬಂಧದ ಪಟ್ಟಿಗೆ ಸೇರಿಸಿತು. ಆಗಸ್ಟ್‌ನಲ್ಲಿ ಅಮೆರಿಕವು ಇದೇ ಕಾರಣ ಹೇಳಿ ನಮ್ಮ ಸರಕಿನ ಮೇಲೆ ಶೇ 25ರಷ್ಟು ಹೆಚ್ಚುವರಿ ಸುಂಕ ಹಾಕಿತು. ಒಂದು ಕಚ್ಚಾತೈಲವನ್ನು ಬಿಟ್ಟು ಇನ್ನೊಂದನ್ನು ಕೊಳ್ಳುವುದೆಂದರೆ ಅಂಗಡಿ ಬದಲಿಸಿದಷ್ಟು ಸುಲಭವಲ್ಲ, ನಿವೃತ್ತರು ಹೇಳಿದಂತೆ ಒಂದೊಂದು ತೈಲದ ಹದವೂ ಬೇರೆ.

ಬ್ಯಾಟರಿ ಹುಡುಗ (ಹೆಬ್ಬಾಳ್ ಕೈಗಾರಿಕಾ ಪ್ರದೇಶ, ಮೈಸೂರು)

ಕ್ಷಮಿಸಿ, ಇಷ್ಟೆಲ್ಲ ಚರ್ಚೆ ನಿನ್ನೆಯ ಪ್ರಪಂಚದ್ದು ಎನಿಸುತ್ತದೆ. ಚೀನಾದಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಅರ್ಧಕ್ಕೆ ಹತ್ತಿರ ಪ್ಲಗ್ ಹಾಕಿ ಚಾರ್ಜ್ ಮಾಡುವಂಥವು. ಅಲ್ಲಿ ಪೆಟ್ರೋಲಿನ ಬೇಡಿಕೆ ಏರುವುದು ನಿಂತಿದೆ. ನಾಳೆ ಇಲ್ಲೂ ಅದೇ ಆಗುವಾಗ ಕಬ್ಬಿನಿಂದ ಇಂಧನ ಮಾಡುವುದಕ್ಕಾಗಲೀ ರಿಫೈನರಿ ಹಿಗ್ಗಿಸುವುದಕ್ಕಾಗಲೀ ಅರ್ಥವೇನು?

ಕುತ್ತೆತ್ತೂರು ನಿವೃತ್ತ

ತಮ್ಮಾ, ನಿನ್ನ ಮಾತಿನಲ್ಲಿ ಅರ್ಧ ಸತ್ಯವಿದೆ, ಉಳಿದರ್ಧಕ್ಕೆ ಲೆಕ್ಕ ಹಾಕೋಣ. 2024–25ರಲ್ಲಿ ದೇಶ ಬಳಸಿದ ಒಟ್ಟು ಪೆಟ್ರೋಲಿಯಂ ಉತ್ಪನ್ನಗಳು ಸುಮಾರು 24 ಕೋಟಿ ಟನ್. ಅದರಲ್ಲಿ ಡೀಸೆಲ್ 9 ಕೋಟಿ ಟನ್ನಿಗಿಂತ ಸ್ವಲ್ಪ ಹೆಚ್ಚು, ಪೆಟ್ರೋಲ್ 4 ಕೋಟಿ ಟನ್. ಎಂದರೆ ಪೆಟ್ರೋಲು ಒಟ್ಟಿನ ಆರನೆಯ ಒಂದು ಪಾಲು ಮಾತ್ರ. ಎಥೆನಾಲಿನ ಒಂದು ಲೀಟರಿನಲ್ಲಿ ಪೆಟ್ರೋಲಿನ ಮೂರನೆಯ ಎರಡು ಭಾಗದಷ್ಟು ಶಕ್ತಿ ಇರುತ್ತದೆ. ಆದ್ದರಿಂದ ನೂರು ಲೀಟರಿನಲ್ಲಿ ಸೇರಿದ ಇಪ್ಪತ್ತು ಲೀಟರ್ ಎಥೆನಾಲ್ ಉಳಿಸುವುದು ಹದಿಮೂರು ಹದಿನಾಲ್ಕು ಲೀಟರ್ ಪೆಟ್ರೋಲನ್ನು. ಇದನ್ನು ಆರರಿಂದ ಭಾಗಿಸಿ. ದೇಶದ ಒಟ್ಟು ತೈಲದ ಬಳಕೆಯಲ್ಲಿ ಎಥೆನಾಲ್ ಉಳಿಸುತ್ತಿರುವುದು ನೂರಕ್ಕೆ ಎರಡು, ಹೆಚ್ಚೆಂದರೆ ಎರಡೂವರೆ. ಎಥೆನಾಲನ್ನು ಹಳಿಯಲು ಇದನ್ನು ಹೇಳುತ್ತಿಲ್ಲ, ಹಣದ ಲೆಕ್ಕದಲ್ಲಿ ನೂರಕ್ಕೆ ಎರಡು ಕೂಡ ದೊಡ್ಡದೇ. ಆದರೆ ಇದರಿಂದ ತೈಲದ ಹಂಗು ಹರಿಯಿತೆಂದು ಭಾಷಣ ಮಾಡುವವರ ಮಾತು ನನಗೆ ಒಪ್ಪಿಗೆಯಲ್ಲ.

ಬ್ಯಾಟರಿಯೂ ಮೊದಲು ಕಿತ್ತುಕೊಳ್ಳುವುದು ಇದೇ ಆರನೆಯ ಪಾಲನ್ನು: ಸ್ಕೂಟರು, ಆಟೋ, ಕಾರು. ಎಥೆನಾಲೂ ಬ್ಯಾಟರಿಯೂ ಒಂದೇ ಪೆಟ್ರೋಲಿಗೆ ಕೈ ಹಾಕುತ್ತಿವೆ. ಲಾರಿಯ ಡೀಸೆಲ್, ವಿಮಾನದ ಇಂಧನ ಬಹುಕಾಲ ಉಳಿಯುತ್ತವೆ. ವಿಮಾನಕ್ಕೂ ಯುರೋಪು 2025ರಿಂದ ಶೇ 2ರಷ್ಟು ಸುಸ್ಥಿರ ಇಂಧನ ಬೆರೆಸಬೇಕೆಂದು ಕಡ್ಡಾಯ ಮಾಡಿದೆ, ನಮ್ಮಲ್ಲಿ ಅಂತರರಾಷ್ಟ್ರೀಯ ವಿಮಾನಗಳಿಗೆ 2027ಕ್ಕೆ ಶೇ 1ರ ಗುರಿ ಇದೆ. ನನ್ನ ಅನಿಸಿಕೆಯಲ್ಲಿ ರಿಫೈನರಿಗಳ ನಿಜವಾದ ಸಂಕಟ ಬೇಡಿಕೆ ಇಲ್ಲವಾಗುವುದಲ್ಲ, ಬೇಡಿಕೆ ಓರೆಯಾಗುವುದು. ಮೇಲ್ಭಾಗ ಯಾರಿಗೂ ಬೇಡ, ನಡುಭಾಗ ಎಲ್ಲರಿಗೂ ಬೇಕು ಎಂಬ ಸ್ಥಿತಿಯಲ್ಲಿ ನಾಫ್ತಾವನ್ನು ಪ್ಲಾಸ್ಟಿಕ್ಕು, ರಾಸಾಯನಿಕಗಳ ಕಡೆಗೆ ತಿರುಗಿಸುವುದೇ ಉಳಿದ ದಾರಿ. ಎಲ್ಲರೂ ಅದೇ ದಾರಿ ಹಿಡಿದಿರುವುದರಿಂದ ಆ ಮಾರುಕಟ್ಟೆಯೂ ತುಂಬಿ ತುಳುಕುತ್ತಿದೆ.

ನಾಲೆಬಯಲು

ಎರಡೂವರೆ ಎಂಬ ಸಂಖ್ಯೆ ಕೇಳಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆ ಎರಡೂವರೆಗೆ ನಾವು ಕೊಡುತ್ತಿರುವ ನೀರೆಷ್ಟು ಎಂಬುದನ್ನೂ ಯಾರಾದರೂ ಲೆಕ್ಕ ಹಾಕಬೇಕಲ್ಲವೇ? ಕೆಆರ್‌ಎಸ್ ಅಣೆಕಟ್ಟು 124.80 ಅಡಿ ತುಂಬಿದ ವರ್ಷ ನಾಲೆಯಲ್ಲಿ ನೀರಿರುತ್ತದೆ, ಆಗ ಯಾರೂ ಪ್ರಶ್ನೆ ಕೇಳುವುದಿಲ್ಲ. 2023ರಲ್ಲಿ ಮಳೆ ಕೈಕೊಟ್ಟಾಗ ಕಬ್ಬು ಒಣಗಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಕ್ಕರೆಯ ಬೆಲೆ ಏರೀತೆಂದು ಹೆದರಿ ಕಬ್ಬಿನ ರಸದಿಂದ ಎಥೆನಾಲ್ ಮಾಡುವುದಕ್ಕೆ ಕೇಂದ್ರವೇ ತಡೆ ಹಾಕಿತು, ನಂತರ ಒಂದಷ್ಟು ಸಡಿಲಿಸಿತು. ಹಿಂದಿನ ವರ್ಷವಷ್ಟೇ ಇಂಧನದಾತ ಎಂದು ಕರೆಸಿಕೊಂಡ ರೈತನಿಗೆ ಈ ಆದೇಶ ಹೇಗೆ ಕೇಳಿಸಿರಬೇಕು?

ನಮ್ಮ ಜಿಲ್ಲೆಗೆ ಇದು ಹೊಸತೂ ಅಲ್ಲ. ಮಂಡ್ಯದ ಸಕ್ಕರೆ ಕಾರ್ಖಾನೆ ಮೈಶುಗರ್ 1933ರಲ್ಲಿ ಶುರುವಾದದ್ದು. ಕಾಕಂಬಿಯಿಂದ ಪವರ್ ಆಲ್ಕೋಹಾಲ್ ಮಾಡಿ ಪೆಟ್ರೋಲಿಗೆ ಬೆರೆಸಬೇಕೆಂದು 1948ರಲ್ಲಿಯೇ ದೇಶಕ್ಕೆ ಕಾಯ್ದೆ ಇತ್ತು, ಅದನ್ನು 2000ದಲ್ಲಿ ರದ್ದು ಮಾಡಿದರು. ವರ್ಷಗಟ್ಟಲೆ ನಿಂತಿದ್ದ ಮೈಶುಗರ್ 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿದಾಗ ನಾವೆಲ್ಲ ಸಂಭ್ರಮಪಟ್ಟೆವು.

ಅರ್ಥಶಾಸ್ತ್ರದ ಮೇಡಂ

ನೀರಿನ ಲೆಕ್ಕ ನೀತಿ ಆಯೋಗದ ಅದೇ ವರದಿಯಲ್ಲಿದೆ: ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ತಯಾರಿಸಲು ಸುಮಾರು 2,860 ಲೀಟರ್ ನೀರು, ಒಂದು ಟನ್ ಕಬ್ಬಿನಿಂದ ಸುಮಾರು 70 ಲೀಟರ್ ಎಥೆನಾಲ್. ಇ20ಕ್ಕೆ ದೇಶಕ್ಕೆ ವರ್ಷಕ್ಕೆ ಬೇಕಾದದ್ದು ಸುಮಾರು 1,000 ಕೋಟಿ ಲೀಟರ್. ಅದೃಷ್ಟವಶಾತ್ ಎಲ್ಲವೂ ಕಬ್ಬಿನಿಂದ ಬರುತ್ತಿಲ್ಲ. 2024–25ರಲ್ಲಿ ಮೆಕ್ಕೆಜೋಳವೇ ಕಬ್ಬನ್ನು ಹಿಂದಿಕ್ಕಿ ಮುಂದೆ ಬಂದಿದೆ. ಮೆಕ್ಕೆಜೋಳದ ಎಥೆನಾಲಿಗೆ ಲೀಟರಿಗೆ 71.86 ರೂಪಾಯಿ ಇರುವಾಗ ಬಿ ದರ್ಜೆಯ ಕಾಕಂಬಿಯದಕ್ಕೆ 60.73, ಸಿ ದರ್ಜೆಯದಕ್ಕೆ 57.97 ರೂಪಾಯಿ ನಿಗದಿಯಾಗಿತ್ತು. ಮಂಡ್ಯದವರು ಮುಖ್ಯವಾಗಿ ಗಮನಿಸಬೇಕಾದದ್ದು ಇದು, ಏಕೆಂದರೆ ಇಂಧನದ ಹೆಸರಿನಲ್ಲಿ ತೆರೆದ ಮಾರುಕಟ್ಟೆ ಕಬ್ಬಿನ ಕೈಯಿಂದ ಜಾರುತ್ತಿದೆ. 2025ರ ನವೆಂಬರ್‌ನಲ್ಲಿ ಬೆಳಗಾವಿಯ ಕಡೆ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ಬೀದಿಗಿಳಿದಾಗ, ಎಥೆನಾಲ್ ಹಂಚಿಕೆಯಲ್ಲಿ ಕರ್ನಾಟಕಕ್ಕೆ ಕಡಿಮೆ ಸಿಕ್ಕಿತೆಂಬ ದೂರನ್ನು ರಾಜ್ಯ ಸರ್ಕಾರ ಮುಂದಿಟ್ಟದ್ದು ನಿಮಗೆ ನೆನಪಿರಬಹುದು.

ಬ್ರೆಜಿಲ್ 1975ರಿಂದ ಈ ದಾರಿಯಲ್ಲಿದ್ದು, 2025ರ ಆಗಸ್ಟ್‌ನಲ್ಲಿ ಶೇ 30ರ ಮಿಶ್ರಣಕ್ಕೆ ಹೋಗಿದೆ. ಆದರೆ ಅಲ್ಲಿನ ಕಬ್ಬಿನ ಬಹುಪಾಲು ಮಳೆಯ ನೀರಿನಲ್ಲೇ ಬೆಳೆಯುತ್ತದೆ, ಜೊತೆಗೆ ಬೇರೆಬೇರೆ ಮಿಶ್ರಣವನ್ನು ತಾನೇ ಗುರುತಿಸಿಕೊಳ್ಳುವ ಕಾರುಗಳು ಅಲ್ಲಿ ಎರಡು ದಶಕಗಳಿಂದ ಓಡುತ್ತಿವೆ. ಬ್ರೆಜಿಲನ್ನು ತೋರಿಸಿ ಕಾವೇರಿ ಕಣಿವೆಗೆ ಪಾಠ ಹೇಳುವುದನ್ನು ನಾನು ಒಪ್ಪುವುದಿಲ್ಲ.

ಕುತ್ತೆತ್ತೂರು ನಿವೃತ್ತ

ನೀರು ಎಂದಾಗ ಒಂದು ನೆನಪು. ಕಬ್ಬಿಗೆ ಮಾತ್ರ ಬಾಯಾರಿಕೆ ಎಂದುಕೊಳ್ಳಬೇಡಿ. ಮಂಗಳೂರಿನ ರಿಫೈನರಿ ನೇತ್ರಾವತಿಯ ನೀರನ್ನು ಅವಲಂಬಿಸಿತ್ತು. 2019ರ ಬೇಸಿಗೆಯಲ್ಲಿ ನದಿ ಬತ್ತಿದಾಗ ಘಟಕಗಳನ್ನು ನಿಲ್ಲಿಸಬೇಕಾಯಿತು. ವರ್ಷಕ್ಕೆ ಮೂರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ, ಸಮುದ್ರದ ಪಕ್ಕದಲ್ಲಿ, ನೀರಿಲ್ಲದೆ ರಿಫೈನರಿ ನಿಂತಿತು. ಆಮೇಲೆ ಸಮುದ್ರದ ಉಪ್ಪುನೀರನ್ನು ಸಿಹಿ ಮಾಡುವ ಘಟಕವನ್ನು ಕಟ್ಟಿದರು. ಅದರ ವೆಚ್ಚವೂ ಕೊನೆಗೆ ಉತ್ಪನ್ನದ ಲೆಕ್ಕದಲ್ಲೇ ಸೇರುತ್ತದೆ.

ಹೊಸ ಸದಸ್ಯೆ (ಕೆ.ಆರ್. ಪೇಟೆ)

ಎಲ್ಲರ ಬರಹವನ್ನೂ ಓದಿದೆ. ನಾನು ಗ್ರಾಮ ಪಂಚಾಯಿತಿ ಸದಸ್ಯೆ. ನಮ್ಮೂರಿನ ರಸ್ತೆಗೆ ಡಾಂಬರು ಹಾಕುವ ಕೆಲಸ ತಿಂಗಳುಗಳಿಂದ ನಿಂತಿದೆ. ಕೇಳಿದರೆ ಗುತ್ತಿಗೆದಾರರು ಡಾಂಬರು ಸಿಗುತ್ತಿಲ್ಲ ಎನ್ನುತ್ತಾರೆ. ಸಾರ್, ಬುಡದಲ್ಲಿ ಉಳಿಯುವ ಶೇಷವೇ ಡಾಂಬರು ಎಂದು ನೀವು ಬರೆದಿದ್ದೀರಿ. ಇಷ್ಟೊಂದು ತೈಲ ಕಾಯಿಸುವ ದೇಶದಲ್ಲಿ ಬುಡಕ್ಕೆ ಕೊರತೆ ಹೇಗೆ?

ಕುತ್ತೆತ್ತೂರು ನಿವೃತ್ತ

ತಾಯಿ, ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ ಇದು. ಹಿಂದೆ ಬುಡದ ಶೇಷಕ್ಕೆ ಬೇರೆ ಗತಿ ಇರಲಿಲ್ಲ, ಡಾಂಬರಾಗಬೇಕು ಇಲ್ಲವೇ ಬಾಯ್ಲರಿನ ಎಣ್ಣೆಯಾಗಬೇಕು. ಈಗ ಕೋಕರ್ ಎಂಬ ಘಟಕದಲ್ಲಿ ಆ ಶೇಷವನ್ನು ಇನ್ನಷ್ಟು ಕಾಯಿಸಿ ಒಡೆದು, ಅದರಿಂದಲೂ ಡೀಸೆಲ್ ಹಿಂಡಿ, ಉಳಿದದ್ದನ್ನು ಕಲ್ಲಿದ್ದಲಿನಂಥ ಪೆಟ್‌ಕೋಕ್ ಮಾಡಿ ಸಿಮೆಂಟ್ ಕಾರ್ಖಾನೆಗಳಿಗೆ ಮಾರುತ್ತಾರೆ. ಲಾಭ ಅದರಲ್ಲೇ ಹೆಚ್ಚು. ರಿಫೈನರಿ ಎಷ್ಟು ಜಾಣವಾಗುತ್ತದೆಯೋ ಅಷ್ಟು ಡಾಂಬರು ಕಡಿಮೆಯಾಗುತ್ತದೆ. ರಸ್ತೆಗಳ ಕೆಲಸ ಹೆಚ್ಚಿರುವುದರಿಂದ ಭಾರತ ಡಾಂಬರಿನ ಗಣನೀಯ ಪಾಲನ್ನು ಕೊಲ್ಲಿ ರಾಷ್ಟ್ರಗಳ ಕಡೆಯಿಂದ ಆಮದು ಮಾಡಿಕೊಳ್ಳುತ್ತದೆ, ಅಲ್ಲಿ ಗಲಾಟೆಯಾದರೆ ಇಲ್ಲಿ ಬೆಲೆ ಏರುತ್ತದೆ.

ಆದರೆ ಗುತ್ತಿಗೆದಾರರ ಮಾತನ್ನು ತಿಂಗಳು ನೋಡಿ ಅಳೆಯಿರಿ. ಮಳೆಗಾಲದಲ್ಲಿ ರಸ್ತೆ ಕೆಲಸ ನಿಲ್ಲುವುದರಿಂದ ಡಾಂಬರು ಕೊಳ್ಳುವವರೇ ಇರುವುದಿಲ್ಲ, ಬೇಸಿಗೆಯಲ್ಲಿ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ. ಚೈತ್ರ ಮಾಸದಲ್ಲಿ ಡಾಂಬರು ಸಿಗುತ್ತಿಲ್ಲ ಎಂದರೆ ಅರ್ಧ ನಂಬಿ, ಆಷಾಢದಲ್ಲಿ ಹೇಳಿದರೆ ಬಿಲ್ಲು ಬಾಕಿ ಇದೆಯೇ ಎಂದು ವಿಚಾರಿಸಿ.